ಅಮೆರಿಕದ ರೆನೆಸಾನ್ಸ್ ಫೇರ್‌ಗಳಲ್ಲಿ ಗ್ರಾಹಕರಿಗೂ ಅಂಗಡಿಯವರಿಗೂ ಹೆಚ್ಚು ಕಿರಿಕಿರಿ ಕೊಡುವುದು ಯಾವುದು?

1963ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶುರುವಾದ ಈ ಹಳೆಗಾಲದ ವೇಷದ ಜಾತ್ರೆಗಳು ಹೆಚ್ಚಾಗಿ ಮಣ್ಣುನೆಲದ ಬಯಲಲ್ಲೇ ನಡೆಯುತ್ತವೆ. ಬಿಸಿಲಿದ್ದರೆ ಧೂಳು, ಮಳೆ ಬಂದರೆ ಕೆಸರು. ನೆಲ ಗುಡಿಸುವ ಲಂಗ ಮಧ್ಯಾಹ್ನದೊಳಗೆ ಕೆಸರು ಹೀರಿ ಭಾರವಾಗುತ್ತದೆ. ಅಂಚು ನೆಲದಿಂದ ನಾಲ್ಕು ಬೆರಳಾದರೂ ಮೇಲಿರಲಿ. ಟೆಕ್ಸಾಸ್‌ನ ಟಾಡ್ ಮಿಷನ್‌ನಂಥ ದೊಡ್ಡ ಜಾತ್ರೆಗೆ ಶನಿವಾರ ತಡವಾಗಿ ಹೊರಟರೆ ಅರ್ಧ ದಿನ ರಸ್ತೆಯಲ್ಲೇ ಹೋಗಬಹುದು.

ಇಬ್ಬರಿಗೂ ಸಮಾನ ತೊಂದರೆ ಕಾರ್ಡ್ ಯಂತ್ರದ್ದು. ಸಾವಿರಾರು ಫೋನ್‌ಗಳು ಒಟ್ಟಿಗೆ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ಆಫ್‌ಲೈನ್ ಪಾವತಿ ಮಾಡಿಸಿಕೊಳ್ಳಬಹುದು, ಆದರೆ ಸಂಜೆ ನೆಟ್‌ವರ್ಕ್ ಬಂದಾಗ ಕಾರ್ಡ್ ತಿರಸ್ಕೃತವಾದರೆ ನಷ್ಟ ಅಂಗಡಿಯವರದೇ. ಆದ್ದರಿಂದ ಅವರು ಅದಕ್ಕೊಂದು ಮಿತಿ ಇಡಬೇಕು, ನೀವು ಚಿಲ್ಲರೆ ನೋಟು ಒಯ್ಯಬೇಕು.

ಕುಂಬಾರಿಕೆ ಅಂಗಡಿಗೆ ದೊಡ್ಡ ಭಯ ಗ್ರಾಹಕರು ವೇಷಕ್ಕೆಂದು ಸೊಂಟಕ್ಕೆ ಕಟ್ಟಿದ ಕತ್ತಿ. ಜಾತ್ರೆಯ ಬಾಗಿಲಲ್ಲಿ ಹಿಡಿಯನ್ನು ಒರೆಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಕತ್ತಿ ಹಿರಿಯದಂತೆ ತಡೆಯುತ್ತದೆ ಅಷ್ಟೆ. ನೀವು ತಿರುಗಿದಾಗ ಹಿಂದೆ ಚಾಚಿದ ಒರೆಯ ತುದಿ ಕೆಳಗಿನ ಕಪಾಟಿನ ಹೂಜಿಗೆ ಬಡಿಯುತ್ತದೆ. ಒಳಗೆ ಹೋಗುವಾಗ ಒರೆಯನ್ನು ಕಾಲಿಗೊತ್ತಿ ನೆಟ್ಟಗೆ ಹಿಡಿಯಿರಿ. ಬೆನ್ನುಚೀಲವನ್ನು ಮುಂದಕ್ಕೆ ಹಾಕಿಕೊಳ್ಳಿ.

ಇನ್ನೊಂದು: ಕೈಯಲ್ಲಿ ಹೊಲಿದ ಚರ್ಮದ ಚೀಲ ಹಿಡಿದು ‘ಆನ್‌ಲೈನ್‌ನಲ್ಲಿ ಅರ್ಧ ಬೆಲೆ’ ಎನ್ನಬೇಡಿ. ಹೊಲಿದವರು ಎದುರಿಗೇ ಇರುತ್ತಾರೆ.