ನಿಮ್ಮ ಪ್ರಶ್ನೆ: ನರಾರದ ಹವಳ ನೋಡಲು ಯಾವ ದಿನ ಹೋಗಬೇಕು?

ಪ್ರಶ್ನೆ: ಗುಜರಾತಿನ ಜಾಮ್‌ನಗರದ ಹತ್ತಿರ ನರಾರದಲ್ಲಿ ಡೈವಿಂಗ್ ಗೊತ್ತಿಲ್ಲದವರೂ ನಡೆದುಕೊಂಡೇ ಹೋಗಿ ಹವಳ ನೋಡಬಹುದಂತೆ. ಡಿಸೆಂಬರ್ ರಜೆಯಲ್ಲಿ ಮಕ್ಕಳ ಜೊತೆ ಹೊರಟಿದ್ದೇವೆ. ಯಾವ ದಿನ ಒಳ್ಳೆಯದು, ಏನೇನು ಕಾಣುತ್ತದೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ವಿಮಾನದ ಟಿಕೆಟ್ ತೆಗೆಯುವ ಮೊದಲು ಪಂಚಾಂಗ ತೆಗೆಯಿರಿ. ನರಾರ ಇರುವುದು ಕಚ್ಛ್ ಕೊಲ್ಲಿಯ ಸಾಗರ ರಾಷ್ಟ್ರೀಯ ಉದ್ಯಾನದಲ್ಲಿ. 1982ರಲ್ಲಿ ಘೋಷಣೆಯಾದ ಇದು ದೇಶದ ಮೊದಲ ಸಾಗರ ಉದ್ಯಾನ. ಇಲ್ಲಿ ಹವಳ ಕಾಣುವುದು ಸಮುದ್ರ ಹಿಂದೆ ಸರಿದಾಗ ಮಾತ್ರ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮರುದಿನ, ಮೂರನೇ ದಿನ ನೀರು ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸು ಹೋದರೆ ಇಳಿತ ಅರ್ಧಕ್ಕೇ ನಿಂತು, ದಡದ ಕೆಸರು ನೋಡಿ ವಾಪಸ್ಸಾಗಬೇಕಾದೀತು.

ದಿನ ಗೊತ್ತಾದ ಮೇಲೆ ಹೊತ್ತು. ಸುಮಾರು ಹನ್ನೆರಡೂವರೆ ಗಂಟೆಗೊಮ್ಮೆ ಇಳಿತ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಗಲಿನದು ಯಾವಾಗ ಎಂದು ಹತ್ತಿರದ ಬಂದರುಗಳಾದ ವಾಡಿನಾರ್ ಅಥವಾ ಸಿಕ್ಕಾದ ಉಬ್ಬರವಿಳಿತ ಪಟ್ಟಿಯಲ್ಲಿ ನೋಡಿ. ಓಖಾದ ಪಟ್ಟಿಯನ್ನೇ ನಂಬಿ ಹೋಗಬೇಡಿ: ಓಖಾ ಕೊಲ್ಲಿಯ ಬಾಯಲ್ಲಿದೆ, ನರಾರ ಒಳಗಿದೆ, ಆದ್ದರಿಂದ ಇಲ್ಲಿ ಇಳಿತ ತಡವಾಗಿ ಬರುತ್ತದೆ. ನೀರು ಪೂರ್ತಿ ಇಳಿಯುವುದಕ್ಕೆ ಎರಡು ಗಂಟೆ ಮೊದಲೇ ಗೇಟಿನಲ್ಲಿರಿ. ಗುರುತಿನ ಚೀಟಿ ತೋರಿಸಿ, ಪ್ರವೇಶದ ಚೀಟಿ ಮಾಡಿಸಿ, ಗೈಡ್ ಜೊತೆಗೇ ಇಳಿಯಿರಿ. ಸರಿಯುವ ನೀರಿನ ಹಿಂದೆಯೇ ನಡೆಯುತ್ತ ಹೋಗಿ, ಅದು ತಿರುಗಿದ ಕೂಡಲೇ ನೀವೂ ತಿರುಗಿ. ನೆಲ ಹೆಚ್ಚುಕಡಿಮೆ ಮಟ್ಟಸ. ಹಾಗಾಗಿ ಉಬ್ಬರದ ನೀರು ಮೊದಲು ಸೇರುವುದು ನಿಮ್ಮ ಬೆನ್ನ ಹಿಂದಿನ ತಗ್ಗುಗಳಿಗೆ.

ಬಣ್ಣದ ಆಸೆ ಇಟ್ಟುಕೊಂಡು ಹೋಗಬೇಡಿ. ಕೊಲ್ಲಿಯ ನೀರು ರಾಡಿ. ಹವಳ ಇಲ್ಲಿ ಹೆಚ್ಚಾಗಿ ಕಂದು, ಮಾಸಲು ಹಸಿರು. ಮಿದುಳಿನಂತೆ ಸುರುಳಿ ಗೆರೆಯ ಉಂಡೆಗಳು. ಅಂಡಮಾನಿನ ಫೋಟೊ ನೋಡಿ ಹೋದವರಿಗೆ ನಿರಾಸೆಯಾಗುತ್ತದೆ. ನರಾರದ ನಿಜವಾದ ಸೊಗಸು ಬಂಡೆಗಳ ನಡುವೆ ಉಳಿದ ಮೊಣಕಾಲುದ್ದದ ನೀರಿನಲ್ಲಿದೆ. ಕಲ್ಲಿನ ಬಣ್ಣಕ್ಕೆ ತಿರುಗಿ ಕುಳಿತ ಆಕ್ಟೋಪಸ್, ಪಫರ್ ಮೀನು, ಹೂವಿನಂತೆ ಕಾಣುವ ಸೀ ಅನಿಮೋನ್ ಎಂಬ ಜೀವಿ, ನಕ್ಷತ್ರ ಮೀನು, ಬಗೆಬಗೆಯ ಏಡಿ. ಒಂದೇ ಗುಂಡಿಯ ಬಳಿ ಐದು ನಿಮಿಷ ಅಲ್ಲಾಡದೆ ನಿಂತರೆ ಕಿಲೋಮೀಟರು ನಡೆದವರಿಗಿಂತ ಹೆಚ್ಚು ಕಾಣುತ್ತದೆ. ಪೋಲರಾಯ್ಡ್ ಕನ್ನಡಕವಿದ್ದರೆ ನೀರಿನ ಮೇಲಿನ ಹೊಳಪು ಕಡಿಮೆಯಾಗಿ ತಳ ಕಾಣುತ್ತದೆ.

ಪಫರ್ ಮೀನನ್ನು ಉಬ್ಬಿಸಿ ತೋರಿಸುತ್ತೇನೆಂದು ಯಾರಾದರೂ ಹೇಳಿದರೆ ಬೇಡವೆನ್ನಿ. ನೀರಿನಿಂದ ಹೊರಗೆ ಎತ್ತಿದಾಗ ಅದು ಗಾಳಿ ನುಂಗಿ ಉಬ್ಬುತ್ತದೆ, ಆ ಗಾಳಿಯನ್ನು ಹೊರಹಾಕಲು ಒದ್ದಾಡುತ್ತದೆ. ಕಲ್ಲು ಮಗುಚಿದರೆ ಮತ್ತೆ ಇದ್ದ ಹಾಗೆಯೇ ಇಡಿ. ಅಡಿಭಾಗದ ಜೀವಿಗಳು ಬಿಸಿಲಿಗೆ ಸಾಯುತ್ತವೆ. ಸತ್ತ ಹವಳದ ಚೂರನ್ನೂ ಜೇಬಿಗೆ ಹಾಕುವಂತಿಲ್ಲ, ವನ್ಯಜೀವಿ ಕಾಯ್ದೆಯಡಿ ಅಪರಾಧ.

ಕಾಲಿಗೆ ಲೇಸ್ ಇರುವ ಹಳೆಯ ಕ್ಯಾನ್ವಾಸ್ ಶೂ, ಒಳಗೆ ಕಾಲುಚೀಲ. ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ. ಬರಿಗಾಲಿಗೆ ಹವಳ ಕುಯ್ಯುತ್ತದೆ, ಆ ಗಾಯ ಬೇಗ ಮಾಯುವುದಿಲ್ಲ. ನೆರಳೆಂಬುದೇ ಇಲ್ಲದ ಜಾಗ. ತುಂಬು ತೋಳಿನ ಅಂಗಿ, ಟೋಪಿ, ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು ಇರಲಿ.

ಪ್ರಶ್ನೆ: ಅಷ್ಟು ದೂರ ಏಕೆ? ನಮ್ಮ ಕರಾವಳಿಯಲ್ಲಿ ಇಂಥ ಉದ್ಯಾನ ಇಲ್ಲವೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಇಲ್ಲ. ಕರ್ನಾಟಕದ ಐದು ರಾಷ್ಟ್ರೀಯ ಉದ್ಯಾನಗಳೂ ಕಾಡಿನವು. ಹವಳವೇ ಬೇಕೆಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಬಹುದು, ಆದರೆ ನೀರಿಗೆ ಇಳಿಯಲೇಬೇಕು. ಮಲ್ಪೆ ಎದುರಿನ ಸೇಂಟ್ ಮೇರಿಸ್ ದ್ವೀಪದಲ್ಲಿ ನೋಡಬೇಕಾದದ್ದು ಲಾವಾ ತಣಿದು ಆದ ಕಂಬಗಲ್ಲುಗಳು. ಮಳೆಗಾಲದಲ್ಲಿ ಎರಡಕ್ಕೂ ದೋಣಿ ಬಿಡುವುದಿಲ್ಲ.