ಟಿಕೆಟಿನ ಹಿಂಬದಿಯ ಹೆಸರು

ತಮ್ಮಾ,

ಕೊಠಡಿಯ ಹತ್ತು ಮಂದಿ ತಲಾ 50 ದಿರ್ಹಮ್ ಹಾಕಿ ಅಬುಧಾಬಿಯ ಬಿಗ್ ಟಿಕೆಟ್ ಲಾಟರಿ ತೆಗೆಯುತ್ತಿದ್ದಾರೆ, ಸೇರಬಹುದೇ ಎಂದು ಕೇಳಿದ್ದೀಯ. ಹೊಡೆದರೆ ಇಲ್ಲಿ ತೆರಿಗೆ ಎಷ್ಟು, ಊರಿನಲ್ಲಿ ಎಷ್ಟು, ಮನೆಗೆ ಕಳುಹಿಸಿದರೆ ಅವರೂ ಕಟ್ಟಬೇಕೇ ಎಂಬುದು ಉಳಿದ ಪ್ರಶ್ನೆಗಳು. ಜೊತೆಗೆ ಊರಿನಲ್ಲಿ, ನೀರ್ಚಾಲಿನಲ್ಲಿರುವ ನಿನ್ನ ಭಾವ ತಾನೂ ಒಂದು ಪಾಲು ಹಾಕುತ್ತೇನೆ ಎನ್ನುತ್ತಿದ್ದಾನಂತೆ. ಸಂಬಳ, ಕೊಠಡಿ ಬದಲಾಯಿಸುವುದು, ಚಾಲನಾ ಪರವಾನಗಿ ಇತ್ಯಾದಿಗಳಿಗೆ ಈಗ ಉತ್ತರ ಬರೆಯುವುದಿಲ್ಲ. ಆರು ತಿಂಗಳಲ್ಲಿ ಅವು ತಾವಾಗಿ ತಿಳಿಯುತ್ತವೆ.

ನಾನು ಶಾರ್ಜಾಕ್ಕೆ ಬಂದದ್ದು 1998ರಲ್ಲಿ. ರೋಲಾದ ಹಿಂದಿನ ಗಲ್ಲಿಯ ಕೊಠಡಿಯಲ್ಲಿ ಎಂಟು ಮಂಚಗಳಿದ್ದವು, ಮೇಲಿನ ಒಂದು ನನ್ನದು. ಹಲಸಿನ ಹಪ್ಪಳದ ಕಟ್ಟನ್ನು ಇನ್ನೂ ಬಿಚ್ಚಿರಲಿಲ್ಲ, ಆಗಲೇ ಒಬ್ಬರು ಬಂದು ಟಿಕೆಟಿಗೆಂದು 25 ದಿರ್ಹಮ್ ಕೇಳಿದರು. ಕೊಟ್ಟೆ. ನೋಟ್‌ಬುಕ್ಕಿನಲ್ಲಿ ನನ್ನ ಹೆಸರನ್ನು ಮಲಯಾಳದಲ್ಲಿ ಬರೆದು, ‘ನೋಡು, ಸರಿ ಇದೆಯಾ’ ಎಂದು ನನ್ನತ್ತ ತಿರುಗಿಸಿದರು. ಪಾಸ್‌ಪೋರ್ಟಿನಲ್ಲಿ ಕೇರಳ, ಓದಿದ್ದೆಲ್ಲ ಕನ್ನಡ ಶಾಲೆಯಲ್ಲಿ. ಸರಿ ಇದೆ ಎಂದು ತಲೆಯಾಡಿಸಿದೆ. ಆ ಸಾಲಿನಲ್ಲಿ ಇದ್ದದ್ದು ನನ್ನ ಹೆಸರೋ ಅಲ್ಲವೋ ಇಂದಿಗೂ ಗೊತ್ತಿಲ್ಲ. ಆ ಟಿಕೆಟ್ ಹೊಡೆಯಲೂ ಇಲ್ಲ ಎನ್ನು.

ಈಗ ವಿಷಯಕ್ಕೆ ಬರುತ್ತೇನೆ. ಇಲ್ಲಿ ವ್ಯಕ್ತಿಯ ಸಂಬಳಕ್ಕಾಗಲಿ, ಬಹುಮಾನಕ್ಕಾಗಲಿ ಆದಾಯ ತೆರಿಗೆ ಇಲ್ಲ. 2018ರಿಂದ ವಸ್ತುಗಳ ಮೇಲೆ ಶೇಕಡಾ 5 ವ್ಯಾಟ್ ಇದೆ, ಅದು ಬೇರೆ ಮಾತು. ಹಾಗಾಗಿ ‘ನಿಮಗೆ ಬಹುಮಾನ ಬಂದಿದೆ, ಮೊದಲು ತೆರಿಗೆ ಕಟ್ಟಿ’ ಎಂದು ಯಾರಾದರೂ ಫೋನ್ ಮಾಡಿದರೆ ಅವನು ಕಳ್ಳನೇ. 2023ರಲ್ಲಿ ಲಾಟರಿ ಮತ್ತು ಜೂಜಿಗೆ ಪರವಾನಗಿ ಕೊಡುವ ಪ್ರಾಧಿಕಾರವೊಂದನ್ನು ಇಲ್ಲಿನ ಸರ್ಕಾರ ಸ್ಥಾಪಿಸಿದೆ, ಪರವಾನಗಿ ಇಲ್ಲದ್ದೆಲ್ಲ ಅಪರಾಧ. ಕೋಳಿ ಅಂಕಕ್ಕೆ ಹೋಗಿ ಬಂದ ಧೈರ್ಯದಲ್ಲಿ ಕೊಠಡಿಯಲ್ಲಿ ಹಣ ಇಟ್ಟು ಇಸ್ಪೀಟು ಆಡಲು ಕೂರಬೇಡ.

ಭಾರತದ ಕಡೆಯ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ಅನಿವಾಸಿಗೆ ಹೊರದೇಶದಲ್ಲಿ ಬಂದ ಬಹುಮಾನದ ಮೇಲೆ ಭಾರತದಲ್ಲಿ ತೆರಿಗೆ ಇಲ್ಲ ಎಂಬುದು ನಿಜ. ಆದರೆ ನೀನು ಅನಿವಾಸಿಯೇ? ವಿಮಾನ ಹತ್ತಿದ ದಿನವೇ ಯಾರೂ ಅನಿವಾಸಿ ಆಗುವುದಿಲ್ಲ. ಏಪ್ರಿಲ್ 1ರಿಂದ ಮಾರ್ಚ್ 31ರ ಒಳಗೆ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದವನು ಆ ವರ್ಷದ ಮಟ್ಟಿಗೆ ನಿವಾಸಿ. ನೀನು ದೀಪಾವಳಿ ಮುಗಿಸಿ ನವೆಂಬರಿನಲ್ಲಿ ಹೊರಟವನು, ಅಕ್ಟೋಬರ್ ಕೊನೆಗೇ ನಿನ್ನ ಲೆಕ್ಕದಲ್ಲಿ 214 ದಿನಗಳಾಗಿದ್ದವು. ಎಂದರೆ ಈ ಮಾರ್ಚ್ ಮುಗಿಯುವ ಮೊದಲು ಅಬುಧಾಬಿಯಲ್ಲಿ ನಿನಗೆ ಹೊಡೆದರೆ ನಿನ್ನ ಪಾಲಿನ ಮೇಲೆ ಭಾರತಕ್ಕೆ ಶೇಕಡಾ 30 ತೆರಿಗೆ, ಆ ತೆರಿಗೆಯ ಮೇಲೆ ಶೇಕಡಾ 4 ಸೆಸ್. ಮೊತ್ತ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಕೂಡ. ಮೂಲ ವಿನಾಯಿತಿ ಇಲ್ಲ, ಟಿಕೆಟಿಗೆ ಕೊಟ್ಟ ಹಣವನ್ನೂ ಕಳೆಯುವಂತಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಕಲಂಗಳ ಸಂಖ್ಯೆ ಬದಲಾಗಿದೆ, ಶೇಕಡಾ 30 ಬದಲಾಗಿಲ್ಲ. ಅಷ್ಟೂ ಆಸೆಯಿದ್ದರೆ ಏಪ್ರಿಲ್ ನಂತರ ಸೇರು.

ಭಾವನ ಪಾಲು ಬೇಡವೇ ಬೇಡ. ಲಾಟರಿ ಟಿಕೆಟಿಗಾಗಿ ಭಾರತದಿಂದ ಹೊರಗೆ ಹಣ ಕಳುಹಿಸುವುದನ್ನು ವಿದೇಶಿ ವಿನಿಮಯದ 2000ರ ನಿಯಮಗಳು ನಿಷೇಧಿಸಿವೆ. ಅಲ್ಲಿ ಗೆದ್ದ ಲಾಟರಿ ಹಣವನ್ನು ಇಲ್ಲಿಗೆ ತರಿಸುವುದಕ್ಕೂ ಅದೇ ನಿಷೇಧ. ಇದನ್ನು ನನಗೆ ಬ್ಯಾಂಕಿನವರು ಹೇಳಿದ್ದು ತಡವಾಗಿ.

ಮನೆಗೆ ಕಳುಹಿಸುವ ಹಣದ ವಿಚಾರ: ಅಪ್ಪ, ಅಮ್ಮ, ಹೆಂಡತಿ, ಅಣ್ಣ, ತಂಗಿ, ಭಾವ, ದೊಡ್ಡಪ್ಪ, ಸೋದರಮಾವ ಇವರಿಗೆ ಎಷ್ಟು ಕೊಟ್ಟರೂ ಅವರಿಗೆ ತೆರಿಗೆ ಇಲ್ಲ. ಸಂಬಂಧಿ ಅಲ್ಲದವರಿಗೆ ವರ್ಷಕ್ಕೆ ಬಂದ ಉಡುಗೊರೆ ಹಣ 50,000 ದಾಟಿತೆಂದರೆ, ದಾಟಿದ್ದಕ್ಕೆ ಮಾತ್ರವಲ್ಲ, ಪೂರ್ತಿ ಮೊತ್ತಕ್ಕೆ ತೆರಿಗೆ. ದೊಡ್ಡಪ್ಪನ ಮಗ ಯಾವ ಸಾಲಿನಲ್ಲಿ ಬರುತ್ತಾನೆ ಹೇಳು ನೋಡೋಣ. ನಮ್ಮ ಮನೆಯಲ್ಲಿ ಅವನು ಅಣ್ಣ, ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರು. ಆದಾಯ ತೆರಿಗೆಯ ಕಾಯಿದೆಗೆ ದೊಡ್ಡಪ್ಪ ಸಂಬಂಧಿ, ದೊಡ್ಡಪ್ಪನ ಮಗ ಯಾರೋ ಹಾದಿಹೋಕ.

ನಾನು ಇದನ್ನು ಕಲಿತದ್ದು ಹೀಗೆ. 2019ರಲ್ಲಿ ರಜೆಗೆ ಬಂದಿದ್ದಾಗ ದೊಡ್ಡಪ್ಪನ ಮಗನಾದ ಆ ಅಣ್ಣನೂ ನಾನೂ ಕಾಸರಗೋಡಿನ ಹೊಸ ಬಸ್ ನಿಲ್ದಾಣದಲ್ಲಿ ಅರ್ಧರ್ಧ ಹಾಕಿ ಕೇರಳ ಲಾಟರಿಯ ಟಿಕೆಟ್ ಕೊಂಡೆವು. 10 ಲಕ್ಷದ ಬಹುಮಾನ ಬಂತು. ಹಿಂಬದಿಯಲ್ಲಿ ಹೆಸರು, ವಿಳಾಸ ಬರೆದು ಸಹಿ ಹಾಕಬೇಕಿತ್ತು. ‘ಇಬ್ಬರದೂ ಬರೆಯೋಣವೇ’ ಎಂದು ಅವನು ಕೇಳಿದ. ‘ನಾನು ನಾಡಿದ್ದು ಹೊರಡುವವನು, ನಿನ್ನದೇ ಬರೆ’ ಎಂದೆ. ನುಣುಪು ಕಾಗದದ ಮೇಲೆ ಪೆನ್ನು ಓಡಲಿಲ್ಲ. ಅಂಗೈಗೆ ಗೀಚಿ, ಶಾಯಿ ಬರಿಸಿಕೊಂಡು, ಕನ್ನಡದಲ್ಲೇ ಸಹಿ ಹಾಕಿದ. ದೊಡ್ಡ ಬಹುಮಾನವಾದ್ದರಿಂದ ತಿರುವನಂತಪುರದ ಲಾಟರಿ ನಿರ್ದೇಶನಾಲಯಕ್ಕೇ ಕೊಡುವುದೆಂದು ನಿಶ್ಚಯಿಸಿದ. ಟಿಕೆಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬನಿಯನ್ನಿನ ಒಳಗೆ ಇಟ್ಟುಕೊಂಡು ರಾತ್ರಿಯಿಡೀ ರೈಲಿನಲ್ಲಿ ನಿದ್ದೆ ಇಲ್ಲದೆ ಹೋದ.

ಏಜೆಂಟಿನ ಶೇಕಡಾ 10 ಎಂದು ಒಂದು ಲಕ್ಷ ಹೋಯಿತು. ಉಳಿದ 9 ಲಕ್ಷದ ಮೇಲೆ ಶೇಕಡಾ 30, ಎಂದರೆ 2,70,000 ತೆರಿಗೆ ಅಲ್ಲೇ ಕಡಿತವಾಯಿತು. ಕೈಗೆ ಬಂದದ್ದು 6,30,000. ಅಣ್ಣ ಒಂದು ರೂಪಾಯಿಯೂ ವ್ಯತ್ಯಾಸ ಮಾಡದೆ 3,15,000ವನ್ನು ನನ್ನ ಖಾತೆಗೆ ಹಾಕಿದ. ‘ಇನ್ನೇನಾದರೂ ಕಟ್ಟಲಿಕ್ಕೆ ಇದೆಯಾ’ ಎಂದು ಫೋನಿನಲ್ಲಿ ಕೇಳಿದ. ನಾನು ಹೊರದೇಶದಲ್ಲಿ ಇಪ್ಪತ್ತು ವರ್ಷ ಕಳೆದವನಲ್ಲವೇ! ‘ಮೂಲದಲ್ಲೇ ಕಡಿದಾಗಿದೆ, ಮುಗಿಯಿತು’ ಎಂದೆ.

ಮುಗಿದಿರಲಿಲ್ಲ. ಆ 2,70,000ದ ಮೇಲಿನ ಸೆಸ್ 10,800 ರೂಪಾಯಿಯನ್ನು ಗೆದ್ದವನೇ ಕಟ್ಟಿ ರಿಟರ್ನ್ ಸಲ್ಲಿಸಬೇಕಿತ್ತು. ಅಡಿಕೆ ಬಿಟ್ಟರೆ ಬೇರೆ ಆದಾಯ ಕಾಣದ ಅಣ್ಣನಿಗೆ ರಿಟರ್ನ್ ಎಂದರೆ ಏನೆಂದೇ ತಿಳಿಯದು. ಪ್ಯಾನ್ ಮಾಡಿಸುವಾಗ ಕೊಟ್ಟದ್ದು ಬದಿಯಡ್ಕದ ಸೈಬರ್ ಅಂಗಡಿಯವರ ಮೊಬೈಲ್ ಸಂಖ್ಯೆ, ತೆರಿಗೆ ಇಲಾಖೆಯ ಸಂದೇಶಗಳು ಹೋದದ್ದೂ ಅಲ್ಲಿಗೇ. ಬಹಳ ದಿನಗಳ ಮೇಲೆ ಅಂಗಡಿಯವರು ಹೇಳಿದಾಗ ಅಣ್ಣ ಗಾಬರಿಯಾಗಿ ನನಗೆ ಅದರ ಚಿತ್ರ ಕಳುಹಿಸಿದ. ನಾನು ಆಗ ಒಂದು ಸಭೆಯಲ್ಲಿದ್ದೆ. ಮೇಲಿನೆರಡು ಸಾಲು ನೋಡಿ, ‘ಲಾಟರಿ ಹೊಡೆದವರಿಗೆ ಮೋಸಗಾರರು ಹೀಗೇ ಕಳುಹಿಸುತ್ತಾರೆ, ಅಳಿಸಿಬಿಡು’ ಎಂದು ಬರೆದೆ. ಅವನು ಅಳಿಸಿದ.

ಅದು ನಿಜವಾದ ನೋಟಿಸಾಗಿತ್ತು. 2019ರ ಅಕ್ಟೋಬರಿನಿಂದ ಇಲಾಖೆಯ ಪತ್ರಗಳಲ್ಲಿ ಒಂದು ದಾಖಲೆ ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಎರಡು ನಿಮಿಷ ನನ್ನಲ್ಲಿರಲಿಲ್ಲ. ಬಡ್ಡಿ, ವಿಳಂಬ ಶುಲ್ಕ ಎಲ್ಲ ಸೇರಿ ಇಪ್ಪತ್ತು ಸಾವಿರ ದಾಟಿತು. ಮಂಗಳೂರಿನ ಲೆಕ್ಕಪರಿಶೋಧಕರು ಇನ್ನೊಂದು ಪ್ರಶ್ನೆ ಕೇಳಿದರು: ಟಿಕೆಟ್ ಇಬ್ಬರದು ಎನ್ನುವುದಕ್ಕೆ ಕಾಗದ ಎಲ್ಲಿದೆ? ಇರಲಿಲ್ಲ. ಹಿಂಬದಿಯಲ್ಲಿ ಇದ್ದದ್ದು ಒಂದೇ ಹೆಸರು. ಹಾಗಾಗಿ ನನ್ನ ಪಾಲು ಸಂಬಂಧಿಯಲ್ಲದವನು ಕೊಟ್ಟ ಉಡುಗೊರೆಯಾಯಿತು. ಒಮ್ಮೆ ತೆರಿಗೆ ಕಡಿದ ಹಣಕ್ಕೆ ನಾನು ಇನ್ನೊಮ್ಮೆ ಕಟ್ಟಿದೆ. ನೀವು ಹತ್ತು ಮಂದಿ ಸೇರುವುದಾದರೆ, ಟಿಕೆಟ್ ಕೊಂಡ ದಿನವೇ ಸಂಖ್ಯೆ, ಹೆಸರು, ಪಾಲು ಬರೆದು ಎಲ್ಲರೂ ಸಹಿ ಹಾಕಿ, ಒಬ್ಬೊಬ್ಬರೂ ಒಂದು ಪ್ರತಿ ಇಟ್ಟುಕೊಳ್ಳಿ. ನಿನಗೆ ಓದಲು ಬರುವ ಲಿಪಿಯಲ್ಲಿ.

ಅಣ್ಣನ ದಂಡವನ್ನು ನಾನೇ ಕಟ್ಟುತ್ತೇನೆ ಎಂದೆ, ಅವನು ಒಪ್ಪಲಿಲ್ಲ. ‘ಹಣದ್ದಲ್ಲ. ಕೇಳಿದಾಗ ಗೊತ್ತಿಲ್ಲ ಎನ್ನಬಹುದಿತ್ತಲ್ಲ’ ಎಂದ. ಅಷ್ಟೇ ಮಾತು. ಕಳೆದ ಸಲ ಮೇ ಕೊನೆಯ ಪತ್ತನಾಜೆಯ ಹೊತ್ತಿಗೆ ಹೋಗಿದ್ದೆ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ, ಬೆಲ್ಲ ನೀರು ತಂದಿಟ್ಟು, ಪ್ರಯಾಣ ಸುಖವಾಯಿತೇ ಎಂದು ಕೇಳಿದ. ಆ ಮನೆಯಲ್ಲಿ ನನಗೆ ಕುರ್ಚಿ ಹಾಕಿದ್ದು ಅದೇ ಮೊದಲು.

ನಿನ್ನ ಪಾಸ್‌ಪೋರ್ಟಿನ ನಿರ್ಗಮನ ಮುದ್ರೆಯ ತಾರೀಖನ್ನು ಸರಿಯಾಗಿ ನೋಡಿ ತಿಳಿಸು, ದಿನಗಳನ್ನು ಇನ್ನೊಮ್ಮೆ ಎಣಿಸೋಣ. ನಿನ್ನ ಅಪ್ಪನ ಅಂಗಡಿಗೆ ಅಣ್ಣ ಸೋಮವಾರ ಸೋಮವಾರ ಬರುತ್ತಾನೆ ಎಂದು ಕೇಳಿದ್ದೇನೆ. ಈ ವರ್ಷ ಅಂಗಳದಲ್ಲಿ ಅಡಿಕೆ ಎಷ್ಟು ಹರಡಿದ್ದಾನೆ ಎಂದು ವಿಚಾರಿಸಿ ನನಗೆ ಹೇಳು. ಕೇಳಿದ್ದು ನಾನು ಎಂದು ಅವನಿಗೆ ತಿಳಿಯುವುದು ಬೇಡ.