ಆರ್‌ ಚಾರ್ಟ್‌ನಲ್ಲಿ ‘ಬಳ್ಳಾರಿ’ ಒಡೆದುಹೋಗುತ್ತಿದೆ, ಏನು ಮಾಡಲಿ?

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಆರ್ (R) ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಜಿಲ್ಲಾವಾರು ಮಳೆಯ ಬಾರ್ ಚಾರ್ಟ್ ಮಾಡುತ್ತಿದ್ದೇನೆ. ಜಿಲ್ಲೆಗಳ ಹೆಸರು ಕನ್ನಡದಲ್ಲಿವೆ. ಲ್ಯಾಬ್‌ನ ಹಳೆಯ ವಿಂಡೋಸ್ ಕಂಪ್ಯೂಟರ್‌ನಲ್ಲಿ ಹೆಸರಿನ ಬದಲು ‘ಯು+0ಸಿಎಸಿ’ ಥರದ ಕೋಡ್ ಬರುತ್ತದೆ. ನನ್ನ ಲ್ಯಾಪ್‌ಟಾಪ್‌ನ ಪರದೆಯಲ್ಲಿ ಸರಿ ಇದೆ, ಪಿಡಿಎಫ್ ಮಾಡಿದರೆ ಬರೀ ಚುಕ್ಕಿಗಳು. ಚಾರ್ಟ್‌ನಲ್ಲಿ ಬೇರೆ ಫಾಂಟ್ ಬಳಸಲು ಇರುವ ಶೋಟೆಕ್ಸ್ಟ್ ಪ್ಯಾಕೇಜ್ ಹಾಕಿದ ಮೇಲೆ ಅಕ್ಷರ ಬಂತು, ಆದರೆ ಬಳ್ಳಾರಿ ‘ಬಳ್‌ಳಾರಿ’ ಆಗಿದೆ. ಇಂಗ್ಲಿಷ್‌ನಲ್ಲೇ ಹಾಕಿಬಿಡು ಅಂತಾರೆ ಗೈಡ್. ಬೇರೆ ದಾರಿ ಇಲ್ವಾ?

ಉತ್ತರ: ಇದೆ. ಇಂಗ್ಲಿಷ್‌ಗೆ ಬದಲಾಯಿಸಬೇಡಿ. ಚಾರ್ಟ್ ನೋಡಬೇಕಾದವರು ಕನ್ನಡ ಓದುವವರಾದರೆ ಹೆಸರು ಕನ್ನಡದಲ್ಲೇ ಇರಬೇಕು.

ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಮೂರು. ಮೂರಕ್ಕೂ ಕಾರಣ ಬೇರೆ ಬೇರೆ. ಹಾಗಾಗಿ ಒಂದಕ್ಕೆ ಹಾಕಿದ ಮದ್ದು ಇನ್ನೊಂದಕ್ಕೆ ತಾಗಲಿಲ್ಲ.

ಮೊದಲು ಕೋಡ್ ವಿಷಯ. ನಿಮ್ಮ ಡೇಟಾ ಕೆಟ್ಟಿಲ್ಲ, ಧೈರ್ಯವಾಗಿರಿ. ‘0ಸಿಎಸಿ’ ಅಂದರೆ ಯೂನಿಕೋಡ್‌ನಲ್ಲಿ (ಎಲ್ಲ ಲಿಪಿಗಳ ಅಕ್ಷರಕ್ಕೂ ನಂಬರ್ ಕೊಡುವ ಪಟ್ಟಿಯಲ್ಲಿ) ‘ಬ’ ಅಕ್ಷರದ ನಂಬರ್. ಅಕ್ಷರ ಒಳಗೆ ಭದ್ರವಾಗಿದೆ, ಹೊರಗೆ ತೋರಿಸಲು ಹಳೆಯ ಆರ್‌ಗೆ ಆಗುತ್ತಿಲ್ಲ ಅಷ್ಟೇ. 2022ರಲ್ಲಿ ಬಂದ 4.2.0 ಆವೃತ್ತಿಯಿಂದ ವಿಂಡೋಸ್‌ನಲ್ಲೂ ಆರ್ ಯೂನಿಕೋಡ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಕ್ರಮ ಬಳಸುತ್ತದೆ. ಆದರೆ ವಿಂಡೋಸ್ 10ರ 1903 ಅಥವಾ ಅದಕ್ಕಿಂತ ಹೊಸದು ಇರಬೇಕು. ಲ್ಯಾಬ್‌ನಲ್ಲಿ ಎರಡನ್ನೂ ಅಪ್‌ಡೇಟ್ ಮಾಡಿಸಿ.

ಚುಕ್ಕಿಗಳಿಗೆ ಕಾರಣ ಆರ್‌ನ ಮಾಮೂಲಿ ಪಿಡಿಎಫ್ ಡಿವೈಸ್, ಅಂದರೆ ಚಿತ್ರವನ್ನು ಪಿಡಿಎಫ್ ಆಗಿ ಬರೆಯುವ ಭಾಗ. ಅದು ಒಂದು ಬೈಟ್‌ನ ಎನ್‌ಕೋಡಿಂಗ್ ನಂಬಿಕೊಂಡಿದೆ. ಅಂದರೆ 256 ಚಿಹ್ನೆಗಳ ಒಂದು ಪಟ್ಟಿ, ಅದರಲ್ಲಿ ಕನ್ನಡ ಇಲ್ಲ. ಸಿಗದ ಅಕ್ಷರದ ಜಾಗದಲ್ಲಿ ಚುಕ್ಕಿ ಇಟ್ಟು ಮುಂದೆ ಹೋಗುತ್ತದೆ. ಕೆಳಗೆ ಬಂದ ವಾರ್ನಿಂಗ್ ಓದಿ, ಚುಕ್ಕಿ ಹಾಕಿದ್ದೇನೆ ಅಂತ ಅದೇ ಹೇಳಿರುತ್ತದೆ. ವಾರ್ನಿಂಗ್ ಓದದೆ ದಾಟುವ ಅಭ್ಯಾಸದಿಂದ ಎಷ್ಟೋ ಸಂಜೆಗಳು ಸುಮ್ನೆ ಹಾಳಾಗುತ್ತವೆ.

ಇನ್ನು ಒಡೆದ ಬಳ್ಳಾರಿ. ನಮಗೆ ಅದು ಮೂರು ಅಕ್ಷರ: ಬ, ಳ್ಳಾ, ರಿ. ಕಂಪ್ಯೂಟರ್‌ಗೆ ಏಳು: ಬ, ಳ, ಹಲಂತ, ಮತ್ತೆ ಳ, ಆಕಾರದ ದೀರ್ಘ, ರ, ಗುಡಿಸು. ಆರ್‌ನಲ್ಲಿ ಅಕ್ಷರ ಎಣಿಸುವ ಎನ್‌ಚಾರ್‌ ಕಮಾಂಡ್‌ಗೆ ಆ ಪದ ಕೊಟ್ಟು ನೋಡಿ, 7 ಅನ್ನುತ್ತದೆ. ಈ ಏಳನ್ನು ಸೇರಿಸಿ ಎರಡನೇ ‘ಳ’ವನ್ನು ಒತ್ತಾಗಿ ಕೆಳಗೆ ಕೂರಿಸುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಫಾಂಟ್ ಇದ್ದರೆ ಸಾಲದು, ಶೇಪಿಂಗ್ ಮಾಡುವ ಎಂಜಿನ್ ಕೂಡ ಬೇಕು. ಶೋಟೆಕ್ಸ್ಟ್ ಫಾಂಟ್‌ನಿಂದ ಒಂದೊಂದೇ ಅಕ್ಷರ ತೆಗೆದು ಸಾಲಾಗಿ ಬಿಡಿಸುತ್ತದೆ. ಇಂಗ್ಲಿಷ್‌ಗೆ, ಚೀನೀ ಲಿಪಿಗೆ ಅಷ್ಟು ಸಾಕು. ಒತ್ತಕ್ಷರ ಇರುವ ನಮ್ಮ ಲಿಪಿಗೆ ಸಾಲದು.

ರ‍್ಯಾಗ್ ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ. ಹೆಸರಿನ ಸ್ಪೆಲಿಂಗ್ ಆರ್, ಎ, ಜಿ, ಜಿ. ಅದರ ಹಿಂದೆ ಹಾರ್ಫ್‌ಬಜ್ ಎಂಬ ಶೇಪಿಂಗ್ ಎಂಜಿನ್ ಇದೆ, ಒತ್ತು ತಾನಾಗಿ ಜಾಗಕ್ಕೆ ಕೂರುತ್ತದೆ. ಶೋಟೆಕ್ಸ್ಟ್ ಆಫ್ ಮಾಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಅದೇ ನಡುವೆ ಬಂದು ಬರೆಯುತ್ತದೆ. ಚಾರ್ಟ್ ಬಿಡಿಸುವ ಜಿಜಿಪ್ಲಾಟ್ ಪ್ಯಾಕೇಜ್‌ನ ಥೀಮ್‌ನಲ್ಲಿ ಫಾಂಟ್ ಹೆಸರು ಕೊಡಿ: ವಿಂಡೋಸ್‌ನಲ್ಲಿ ನಿರ್ಮಲ ಯುಐ ಮೊದಲೇ ಇರುತ್ತದೆ, ಬೇಕಿದ್ದರೆ ನೋಟೊ ಸಾನ್ಸ್ ಕನ್ನಡ ಇಳಿಸಿಕೊಳ್ಳಿ. ಆಮೇಲೆ ಪಿಡಿಎಫ್ ಬದಲು, ಚಿತ್ರ ಉಳಿಸುವ ಜಿಜಿಸೇವ್ ಕಮಾಂಡ್‌ನಿಂದ 300 ಡಿಪಿಐ ಪಿಎನ್‌ಜಿ ಚಿತ್ರವಾಗಿ ಉಳಿಸಿ. ರ‍್ಯಾಗ್ ಇದ್ದರೆ ಜಿಜಿಸೇವ್ ಅದನ್ನೇ ಬಳಸುತ್ತದೆ. ಪ್ರಾಜೆಕ್ಟ್ ವರದಿಗೆ ಈ ಪಿಎನ್‌ಜಿ ಧಾರಾಳವಾಗಿ ಸಾಕು. ಆರ್ ಕೋಡ್ ಬರೆಯುವ ಆರ್‌ಸ್ಟುಡಿಯೋದ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಬ್ಯಾಕೆಂಡ್ ‘ಎಜಿಜಿ’ ಅಂತ ಆರಿಸಿದರೆ ಪರದೆಯಲ್ಲೂ ಫೈಲ್‌ನಲ್ಲೂ ಅಕ್ಷರ ಒಂದೇ ಥರ ಕಾಣುತ್ತದೆ.

 

ಇನ್ನೊಂದು ಮಾತು. ಹೆಸರುಗಳು ಒಂದರ ಮೇಲೊಂದು ಬೀಳುತ್ತವೆ ಅಂತ 90 ಡಿಗ್ರಿ ತಿರುಗಿಸಬೇಡಿ. ಕುತ್ತಿಗೆ ವಾಲಿಸಿ ಓದುವಾಗ ಒತ್ತು, ಗುಡಿಸು ಕಣ್ಣಿಗೆ ಸಿಗುವುದೇ ಇಲ್ಲ. ಬಾರ್‌ಗಳನ್ನೇ ಅಡ್ಡ ಮಲಗಿಸಿ. ಆಗ ‘ಚಿಕ್ಕಬಳ್ಳಾಪುರ’ ಕೂಡ ಎಡಗಡೆ ನೆಟ್ಟಗೆ ಕೂರುತ್ತದೆ.